ಅರಿಶಿನ ಹಚ್ಚಿದ ಮೇಲೆ

ನನ್ನ ಮದುವೆಯ ತಯಾರಿಯಲ್ಲಿ ನನಗೆ ಒಂದು ಕೆಲಸವನ್ನೂ ಕೊಡಲಿಲ್ಲ. ಇದನ್ನು ಹೇಳಿದರೆ ಗೆಳತಿಯರೆಲ್ಲ "ಪುಣ್ಯ ಮಾಡಿದ್ದಿ ಬಿಡು" ಎನ್ನುತ್ತಾರೆ. ಪುಣ್ಯವಂತೆ ಪುಣ್ಯ! ಮನೆಯಲ್ಲಿ ನಾನು ಬಾಯಿ ತೆರೆದರೆ ಸಾಕು, ಮೂರು ದಿಕ್ಕಿನಿಂದ ಒಂದೇ ಮಾತು ಬರುತ್ತಿತ್ತು.

"ನೀ ಟೆನ್ಶನ್ ಮಾಡ್ಕೋಬ್ಯಾಡವಾ, ನಾವ್ ಅದೀವಲ್ಲ."

ಅದಕ್ಕೊಂದು ಕಾರಣವೂ ಇತ್ತೆನ್ನಿ. ಹೋದ ವರ್ಷ ದೊಡ್ಡಪ್ಪನ ಮಗಳು ಎರಡು ತಿಂಗಳು ಜವಳಿ, ಕಾರ್ಡು, ಬ್ಯೂಟಿ ಪಾರ್ಲರು ಎಂದು ಓಡಾಡಿ, ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ತಲೆಸುತ್ತಿ ಬಿದ್ದಿದ್ದಳು. ಅಂದಿನಿಂದ ನನ್ನಪ್ಪ ವೀರಪ್ಪ ಹಟ ಹಿಡಿದ. ನಮ್ಮ ಮಹೇಶ್ವರಿಗೆ ಹಾಗಾಗಬಾರದು, ಅವಳು ಆರಾಮಾಗಿ ಮಣೆಯ ಮೇಲೆ ಕೂತರೆ ಸಾಕು. ಬನವಾಸಿ ಕಡೆಯ ನಮ್ಮೂರಲ್ಲಿ ಅಪ್ಪನದು ಭತ್ತದ ವ್ಯಾಪಾರ. ಒಮ್ಮೆ ಮಾತು ಕೊಟ್ಟರೆ ಜಪ್ಪಯ್ಯ ಅಂದರೂ ತಪ್ಪದ ಮನುಷ್ಯ ಎಂದು ಸುತ್ತಲಿನ ಹತ್ತು ಊರಲ್ಲಿ ಹೆಸರು.

ನಾನು ಶಿರಸಿಯಲ್ಲಿ ಹೊಲಿಗೆ ಅಂಗಡಿ ಇಟ್ಟು ಒಂಬತ್ತು ವರ್ಷ. ಎರಡು ಮಷೀನು, ಆಳೆತ್ತರದ ಕನ್ನಡಿ, ಜೊತೆಗೆ ಕೆಲಸ ಮಾಡುವ ಮುಮ್ತಾಜ್, ಇಷ್ಟೇ ನನ್ನ ಸಂಸಾರ. ಮದುಮಗಳ ಬ್ಲೌಸ್ ಎಂದರೆ ಯಲ್ಲಾಪುರದಿಂದಲೂ ಹುಡುಕಿಕೊಂಡು ಬರುತ್ತಿದ್ದರು. ಅಳತೆಗೆ ನಿಂತ ಹುಡುಗಿಯರೆಲ್ಲ ಉಸಿರು ಬಿಗಿಹಿಡಿಯುತ್ತಾರೆ. "ಉಸಿರು ಬಿಡವ್ವಾ, ಇಲ್ಲಂದ್ರ ಊಟಕ್ಕ ಕುಂತಾಗ ಹುಕ್ ಹಾರತಾವು" ಎಂದು ನಗಿಸುವುದೂ ನನ್ನ ಕೆಲಸವೇ ಆಗಿತ್ತು. ಅಂಥ ನನ್ನ ಮದುವೆಯ ಬ್ಲೌಸನ್ನು ಹುಬ್ಬಳ್ಳಿಯ ಯಾವನೋ ಟೇಲರನಿಗೆ ಕೊಟ್ಟು ಬಂದರು, ನನಗೆ ತ್ರಾಸಾಗಬಾರದಂತೆ! ಕೇಳಿ ಮೈಯೆಲ್ಲ ಉರಿದುಹೋಯಿತು. ಆದರೂ ನುಂಗಿಕೊಂಡೆ. ಬ್ಲೌಸ್ ತಾನೇ, ಹೋಗಲಿ.

ಹುಡುಗ ಶರಣ, ಸಿದ್ದಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ. ನೋಡಲು ಬಂದ ದಿನವೇ ಅವನ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ, "ನಾ ಅಂಗಡಿ ಬಿಡಾಂಗಿಲ್ಲ. ದಿನಾ ಬಸ್ಸಿಗೆ ಓಡಾಡ್ತೀನಿ." ಅವನು ನಕ್ಕು, "ಬಿಡು ಅಂದವ್ರ್ಯಾರು?" ಎಂದಿದ್ದ. ಆ ಒಂದು ಮಾತಿಗೇ ನಾನು ಒಪ್ಪಿದ್ದು. ಅವನ ಮೂಗು ಮೀಸೆ ನೋಡಿ ಅಲ್ಲ.

ನಮ್ಮಲ್ಲಿ ಮನೆಯ ಮುಂದೆ ಹಂದರ ಹಾಕಿ ಅರಿಶಿನ ಹಚ್ಚಿದ ಮೇಲೆ, ತಾಳಿ ಬೀಳುವ ತನಕ ಮದುಮಗಳು ಹಂದರ ದಾಟುವ ಹಾಗಿಲ್ಲ. ಸಾಮಾನ್ಯವಾಗಿ ಮದುವೆಯ ಹಿಂದಿನ ದಿನ ಅರಿಶಿನ. ಒಂದು ದಿನದ ಸೆರೆ, ಕಳೆದುಹೋಗುತ್ತದೆ. ನನಗೆ ಮಾತ್ರ ಐದು ದಿನ ಮೊದಲೇ ಹಚ್ಚುವುದೆಂದು ಅಪ್ಪನೂ ನೀಲಗಂಗವ್ವ ಅಜ್ಜಿಯೂ ಕೂಡಿ ನಿಶ್ಚಯ ಮಾಡಿದರು. ಎಲ್ಲ ಶಾಸ್ತ್ರ ಒಂದೇ ದಿನಕ್ಕೆ ಗಂಟುಬಿದ್ದು ಹುಡುಗಿ ಸುಸ್ತಾಗಬಾರದಲ್ಲ! ಮಠದ ಸ್ವಾಮಿಗಳೂ ಶುಕ್ರವಾರ ಅಡ್ಡಿಯಿಲ್ಲ ಎಂದರು. "ಅಂಗಡ್ಯಾಗ ಮೂರು ಮದುಮಕ್ಕಳ ಬ್ಲೌಸ್ ಬಾಕಿ ಅದಾವ" ಎಂದು ನಾನು ಕೂಗಾಡಿದೆ. "ಮುಮ್ತಾಜ್ ಅದಾಳಲ್ಲ" ಎಂದಳು ಅವ್ವ.

ಶುಕ್ರವಾರ ಬೆಳಿಗ್ಗೆ ಮಣೆಯ ಮೇಲೆ ಕೂರಿಸಿ ಐದು ಮಂದಿ ಮುತ್ತೈದೆಯರು ಕೆನ್ನೆ, ಕೈ, ಪಾದಕ್ಕೆಲ್ಲ ಅರಿಶಿನ ಹಚ್ಚಿದರು. ಅಜ್ಜಿ ನಡುಗುವ ದನಿಯಲ್ಲಿ ಹಾಡುತ್ತಿದ್ದಳು. ಆಗ ಮುಮ್ತಾಜಳ ಫೋನು ಬಂತು. ಎರಡು ಬೆರಳಲ್ಲಿ ಹಿಡಿದು ಕಿವಿಗಿಟ್ಟುಕೊಂಡೆ.

"ಅಕ್ಕಾ, ನಿಮ್ಮ ಚಿಕ್ಕಪ್ಪ ಬಂದಿದಾರೆ. ಬೋರ್ಡ್ ಇಳಿಸಿದ್ರು, ಮಷೀನ್ ಟೆಂಪೋಗೆ ಹಾಕ್ತಾ ಇದಾರೆ. ಓನರ್ ಕೈಗೆ ಕೀಲಿನೂ ಕೊಟ್ಟಾಯ್ತು. ನೀವೇ ಹೇಳಿದ್ದಂತೆ, ಹೌದಾ ಅಕ್ಕಾ?"

ಮಣೆಯಿಂದ ಎದ್ದೆ. ಅಪ್ಪ ಹಂದರದ ಕೆಳಗೆ ಅಡುಗೆಯವರ ಜೊತೆ ಮಾತಾಡುತ್ತಿದ್ದ. ನನ್ನ ಮುಖ ನೋಡಿದ್ದೇ ಅವನಿಗೆ ತಿಳಿಯಿತು. ಅಡುಗೆಯವರನ್ನು ಆಚೆ ಕಳಿಸಿ ದನಿ ತಗ್ಗಿಸಿದ.

"ಮಾತುಕತಿ ದಿನಾನ ಬೀಗರು ಕೇಳಿದ್ರವಾ, ಸೊಸಿ ಅಂಗಡಿ ನಡಸೂದು ಬ್ಯಾಡ ಅಂತ. ಸ್ವಾಮಿಗಳ ಮುಂದ ಎಲಿ ಅಡಿಕಿ ಹಿಡದು ಹೂಂ ಅಂದೀನಿ."

"ಮೂರು ತಿಂಗಳಾತಪ್ಪಾ! ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಟೆನ್ಶನ್ ಮಾಡ್ಕೊಂತಿದ್ದಿ."

ದೇವರೇ! ಅವನ ಮುಖದಲ್ಲಿ ಕಪಟದ ಒಂದು ಗೆರೆಯೂ ಇರಲಿಲ್ಲ. ಮೂರು ತಿಂಗಳು ನನ್ನ ಪಾಲಿನ ಚಿಂತೆಯನ್ನು ತಾನೊಬ್ಬನೇ ಹೊತ್ತೆ ಎಂಬ ಸಮಾಧಾನವೇ ಕಾಣುತ್ತಿತ್ತು.

ಶರಣನಿಗೆ ಫೋನು ಮಾಡಿದೆ. ಅವನಿಗೆ ಎಲ್ಲ ಗೊತ್ತಿತ್ತು. "ಅವ್ವಗ ಇಷ್ಟ ಇಲ್ಲ ಮಹೇಶ್ವರಿ. ಮದುವಿ ಒಂದ್ ಮುಗೀಲಿ, ಆಮ್ಯಾಲ ನೋಡೂಣಂತ. ಈಗ ನೀ ಸುಮ್ಮನ ಟೆನ್ಶನ್..." ಅಷ್ಟರಲ್ಲಿ ಫೋನು ಇಟ್ಟೆ.

ಹಂದರದ ಅಂಚಿಗೆ ಹೋದೆ. ಒಂದು ಹೆಜ್ಜೆ ಇಟ್ಟಿದ್ದರೆ ರಸ್ತೆ. ಅಜ್ಜಿ ಓಡಿಬಂದು ರಟ್ಟೆ ಹಿಡಿದಳು. ಎಂಬತ್ತರ ಮುದುಕಿಗೆ ಅದೆಲ್ಲಿಂದ ಬಂತೋ ಆ ಕಸುವು. "ದಾಟಬ್ಯಾಡ ನನ್ನವ್ವಾ, ಮನಿಗೆ ಒಳ್ಳೇದಲ್ಲ!" ಹೆಂಗಸರೆಲ್ಲ ಸುತ್ತುಗಟ್ಟಿದರು. ಆಗ ನಾನು ಎಲ್ಲರಿಗೂ ಕೇಳುವ ಹಾಗೆ, ಬಿಡಿಸಿ ಬಿಡಿಸಿ ಹೇಳಿದೆ.

"ನನಗ ಈ ಮದುವಿ ಬ್ಯಾಡ."

ಚಿಕ್ಕಮ್ಮ ಕಿಸಕ್ಕನೆ ನಕ್ಕಳು. "ನಾನೂ ಅರಿಶಿನದ ದಿನ ಹಿಂಗ ಅತ್ತಿದ್ದೆ" ಎಂದಳು ಇನ್ನೊಬ್ಬಳು. ಅವ್ವ ಮಜ್ಜಿಗೆ ತಂದಳು. "ನೋಡಿದ್ರ್ಯಾ, ಎಷ್ಟ್ ಜ್ವಾಕಿ ಮಾಡಿದ್ರೂ ಹುಡುಗಿಗೆ ಟೆನ್ಶನ್ ಆತು" ಎಂದು ಅಜ್ಜಿ ಮರುಗಿದಳು. ನಾನು ಮತ್ತೆ ಹೇಳಿದೆ, ಮೂರು ಸಲ ಹೇಳಿದೆ. ಹೇಳಿದಷ್ಟೂ ಅವರ ಕನಿಕರ ಜಾಸ್ತಿಯಾಯಿತು. ಯಾರಾದರೂ ನನ್ನ ಕಪಾಳಕ್ಕೆ ಬಾರಿಸಿದ್ದರೆ ಕೃತಜ್ಞಳಾಗಿರುತ್ತಿದ್ದೆ. ಅಪ್ಪ ಡಾಕ್ಟರಿಗೆ ಹೇಳಿಕಳಿಸಿದ.

ಬಂದವರು ಡಾಕ್ಟರ್ ಅಭಿಜ್ಞಾ. ಮತ್ತಿಘಟ್ಟದ ಕಡೆಯವರು, ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು, ಸ್ಕೂಟಿಯಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಾರೆ. ಬಿಪಿ ನೋಡಿದರು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಕೋಣೆಯ ಚಿಲಕ ಹಾಕಿದರು.

"ಎಂತ ಆತು? ಮದುವೆ ಬೇಡ ಅಂದ್ರಂತೆ. ಹೌದಾ?"

"ಹೌದ್ರಿ."

ಅವರು ನಗಲಿಲ್ಲ. ಆ ಬೆಳಗಿನಿಂದ ನನ್ನ ಮಾತಿಗೆ ನಗದವರು, ಮರುಗದವರು ಅವರೊಬ್ಬರೇ. ಕಣ್ಣು ತುಂಬಿಬಂತು.

"ಬೇಡ ಅಂದ್ಮೇಲೆ ಬೇಡ. ನಾನೇ ಹೊರಗೆ ಹೋಗಿ ಹೇಳ್ತೆ, ಬೈದ್ರೆ ನನ್ನ ಬೈಯ್ಲಿ. ನೀವು ನನ್ನ ಗಾಡಿ ಹಿಂದೆ ಕೂತ್ಕಳಿ. ಎಲ್ಲಿಗೆ ಬಿಡ್ಲಿ, ಹೇಳಿ?"

ಬಾಯಿ ತೆರೆದೆ. ಶಿರಸಿಗೆ ಎನ್ನಬೇಕೆಂದಿದ್ದೆ. ಒಂಬತ್ತು ವರ್ಷದಲ್ಲಿ ಮನೆಯಲ್ಲಿ ಏನೇ ಆದರೂ, ಅಪ್ಪನ ಮೇಲೆ ಸಿಟ್ಟು ಬಂದರೂ, ಅವ್ವನ ಜೊತೆ ಮಾತು ಬಿಟ್ಟರೂ, ನಾನು ಎದ್ದು ಹೋಗುತ್ತಿದ್ದದ್ದು ಅಂಗಡಿಗೆ. ಕಟಿಂಗ್ ಟೇಬಲ್ಲಿನ ಕೆಳಗೆ ಚಾಪೆ ಹಾಸಿ ಮಲಗಿದ್ದೂ ಉಂಟು. ಶಿರಸಿಯಲ್ಲಿ ನನಗೆ ಬೇರೆ ಜಾಗವಿಲ್ಲ. ಸಿದ್ದಾಪುರ ಅವನದು, ಈ ಊರು ಅಪ್ಪನದು. ಮುಮ್ತಾಜಳ ಒಂದು ಕೋಣೆಯ ಮನೆಯಲ್ಲಿ ಏಳು ಜನ. ಲೋಕದಲ್ಲಿ ಇಷ್ಟೊಂದು ಊರುಗಳಿವೆ, ಒಂದು ಹೆಸರೂ ನಾಲಿಗೆಗೆ ಬರಲಿಲ್ಲ.

ಡಾಕ್ಟರು ಕಾದರು. ಹೊರಗೆ ಅಪ್ಪ ಯಾರಿಗೋ ಹೇಳುತ್ತಿದ್ದ, "ಏನಿಲ್ರಿ, ಹುಡುಗಿಗೆ ಸ್ವಲ್ಪ ಆಯಾಸ."

"ಎಲ್ಲಿಗೂ ಬ್ಯಾಡ್ರಿ," ಎಂದೆ. ಅವರ ಕಣ್ಣು ತಪ್ಪಿಸಿ ನನ್ನ ಹಳದಿ ಕೈ ನೋಡಿಕೊಂಡೆ. "ಟೆನ್ಶನ್ ಅಷ್ಟ."

ಅವರು ಪೆನ್ನು ತೆಗೆದು ಔಷಧಿ ಚೀಟಿ ಬರೆದರು. ಚಿಲಕ ತೆಗೆದಾಗ ಅವ್ವ ನೀರಿನ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.