ಸುವಾರ್ತಮ್ಮನ ಬುಧವಾರ

"ಆಮೆನ್" ಎಂದು ಹದಿನೆಂಟು ಬಾಯಿಗಳು ಒಟ್ಟಿಗೆ ಹೇಳಿ ಕಣ್ಣು ತೆರೆದಾಗ ಬಂಡೆಮ್ಮ ಕುಳಿತಿದ್ದ ಜಾಗ ಖಾಲಿಯಾಗಿತ್ತು. ಮಗುವೂ ಇರಲಿಲ್ಲ. ಪ್ರಾರ್ಥನೆಯ ನಡುವೆ ಎದ್ದು ಹೋಗುವುದನ್ನು ಮಾನ್ವಿಯ ಆ ಕ್ರೈಸ್ತರ ಓಣಿಯಲ್ಲಿ ಅದುವರೆಗೆ ಯಾರೂ ಕಂಡಿರಲಿಲ್ಲ. ಪ್ರಾರ್ಥನೆ ಮಾಡಿದ ಸುವಾರ್ತಮ್ಮ ಮಾತ್ರ ಸೊಸೆಯ ಖಾಲಿ ಜಾಗದತ್ತ ಒಮ್ಮೆ ನೋಡಿ, ಸತ್ಯ ಯಾರಿಗೆ ತಾನೇ ಸಿಹಿ ಎನ್ನುವ ಹಾಗೆ ಸೆರಗು ಸರಿಮಾಡಿಕೊಂಡು ಕುಳಿತಳು.

ಆ ಓಣಿಯವರು ಜಗಳವಾಡುತ್ತಿರಲಿಲ್ಲವೆಂದಲ್ಲ. ಜಗಳವನ್ನು ಬುಧವಾರಕ್ಕೆಂದು ಕೂಡಿಟ್ಟುಕೊಳ್ಳುತ್ತಿದ್ದರು. ಪ್ರತಿ ಬುಧವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಕೂಡುವುದು, ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಪ್ರಾರ್ಥಿಸುವುದು ರೂಢಿ. ಎಲ್ಲರ ಕಣ್ಣು ಮುಚ್ಚಿರುತ್ತದೆ, ನಡುವೆ ಯಾರೂ ಬಾಯಿ ಹಾಕುವಂತಿಲ್ಲ, ಕೊನೆಗೆ ಬೈಸಿಕೊಂಡವರೂ ಆಮೆನ್ ಅನ್ನಲೇಬೇಕು. ಬೈಯುವುದಕ್ಕೆ ಇದಕ್ಕಿಂತ ಅನುಕೂಲದ ಜಾಗ ಭೂಮಿಯ ಮೇಲೆ ಎಲ್ಲಿದೆ? ಎದುರುಮನೆಯ ಆಶೀರ್ವಾದಮ್ಮನ ಕೋಳಿಗಳು ತನ್ನ ಜೋಳ ಕೆದರಿದ ವಾರ ಸುವಾರ್ತಮ್ಮ, "ಕರ್ತನೇ, ನೆರೆಯವರ ಕಾಳಿಗೆ ಆಶೆಪಡುವ ಹೃದಯಗಳನ್ನು ಮುರಿ" ಎಂದು ಬೇಡಿಕೊಂಡಿದ್ದಳು. ಹೆಸರು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಈ ವಾರ ಸರದಿ ಸೊಸೆಯದು. ಚೀಕಲಪರ್ವಿಯಿಂದ ಬಂದ ಬಂಡೆಮ್ಮ ಅವರದೇ ಕುಲದವಳು, ಆದರೆ ತವರಿನವರು ದುರ್ಗವ್ವನನ್ನು ಬಿಟ್ಟವರಲ್ಲ. ಬರುವ ಈಸ್ಟರ್ ಹಬ್ಬಕ್ಕೆ ದೀಕ್ಷಾಸ್ನಾನವೆಂದು ನಿಶ್ಚಯವಾಗಿತ್ತು. ಓದು ಬಾರದ ಹುಡುಗಿ ಗಂಡನಿಂದ ಓದಿಸಿ ಓದಿಸಿ ವಚನಗಳನ್ನು ಬಾಯಿಪಾಠ ಮಾಡಿದ್ದಳು. ಅಷ್ಟರಲ್ಲಿ ಎಂಟು ತಿಂಗಳ ಮಗುವಿಗೆ ಜ್ವರ ಬಂತು. ದವಾಖಾನೆಯ ಔಷಧಕ್ಕೆ ಆರು ದಿನವಾದರೂ ಇಳಿಯದಿದ್ದಾಗ ಅವಳು ದರ್ಗಾಕ್ಕೆ ಹೋಗಿ ದಸ್ತಗೀರ್ ಸಾಬ್‌ನ ಕೈಯಿಂದ ಕರಿದಾರ ಕಟ್ಟಿಸಿದಳು. ಜ್ವರ ಇಳಿದ ಮೇಲೆ ನೀರೆರೆಯುವಾಗ ಮಗುವಿನ ರಟ್ಟೆಯ ಮೇಲೆ ಅದು ಅತ್ತೆಯ ಕೈಗೆ ಸಿಕ್ಕಿತು. ಸುವಾರ್ತಮ್ಮ ಆಗ ಏನೂ ಅನ್ನಲಿಲ್ಲ. ಮನೆಯಲ್ಲಿ ಹೇಳಿದರೆ ಒಬ್ಬಳು ಕೇಳುತ್ತಾಳೆ, ದೇವರಿಗೆ ಹೇಳಿದರೆ ಇಡೀ ಓಣಿ ಕೇಳುತ್ತದೆ. ಮೂರು ದಿನ ಹಲ್ಲು ಕಚ್ಚಿ ಕಾದು, ಬುಧವಾರ ತನ್ನದೇ ಮನೆಯಲ್ಲಿ, ದರ್ಗಾ, ದಾರ, ವಾರ ಎಲ್ಲವನ್ನೂ ದೇವರಿಗೆ ಬಿಡಿಸಿ ಬಿಡಿಸಿ ಒಪ್ಪಿಸಿದಳು.

ಬಂಡೆಮ್ಮ ಅವತ್ತೇ ತವರಿಗೆ ಹೋದಳು. ಮಗ ಸಮಾಧಾನಪ್ಪ ಕಾಲುವೆಯ ಮೇಲೆ ನೀರು ಬಿಡುವ ಕೆಲಸದಿಂದ ಬಂದವನು ಸುದ್ದಿ ಕೇಳಿ, ಊಟ ಹಚ್ಚಿಟ್ಟ ಗಂಗಾಳವನ್ನು ತಾಯಿಯತ್ತ ಸರಿಸಿ ಎದ್ದ. ಮರುದಿನ ಹೆಂಡತಿಯನ್ನು ಕರೆಯಲು ಹೋಗಿ ಬರಿಗೈಯಲ್ಲಿ ಬಂದ. ಮಾತು ಒಗೆದವರೇ ಬಂದು ಆರಿಸಿಕೊಳ್ಳಲಿ ಎಂದು ಮಾವ ಹೇಳಿ ಕಳಿಸಿದ್ದ.

"ಹಬ್ಬದೊಳಗ ಅಕಿ ಬರಲಿಲ್ಲಂದ್ರ ನಾನೇ ಅಲ್ಲಿಗಿ ಹೋಗ್ತೀನಿ ಯವ್ವಾ," ಎಂದ. "ನಿನ್ನ ಕೂಡ ದೇವರು ಇರ್ತಾನಲ್ಲ, ಇರು."

ಮುಂದಿನ ಬುಧವಾರ ಆಶೀರ್ವಾದಮ್ಮ ತನ್ನ ಬಾಕಿಯನ್ನು ಬಡ್ಡಿ ಸಮೇತ ತೀರಿಸಿಕೊಂಡಳು. "ತಂದೆಯೇ, ನಿನ್ನ ಬಾಗಿಲಿಗೆ ಬರುತ್ತಿದ್ದ ಕುರಿಮರಿಯನ್ನು ಬಾಯಿಂದಲೇ ಕಚ್ಚಿ ಓಡಿಸಿದವರನ್ನು ಕ್ಷಮಿಸು" ಎಂದು ಕಣ್ಣೀರಿನೊಂದಿಗೆ ಬೇಡಿದಳು. ಕಣ್ಣು ಮುಚ್ಚಿಕೊಂಡ ಕತ್ತಲೆಯಲ್ಲಿ ಸುವಾರ್ತಮ್ಮನ ಕಿವಿಗಳು ಸುಟ್ಟವು. ಎದ್ದು ಹೋಗೋಣವೆಂದರೆ ಕಾಲು ಬರಲಿಲ್ಲ. ಎಲ್ಲರ ಜೊತೆ ಆಮೆನ್ ಅಂದಳು, ಅಂದದ್ದಕ್ಕೆ ಮನೆಗೆ ಬಂದು ಅತ್ತಳು.

ಮೊಮ್ಮಗನನ್ನು ನೋಡದೆ ಹನ್ನೊಂದು ದಿನವಾದಾಗ ಚೀಕಲಪರ್ವಿಯ ಬಸ್ಸು ಹತ್ತಿದಳು. ಅದು ಎಪ್ಪತ್ತೊಂಬತ್ತರ ಮಾರ್ಚ್. ಬಿಸಿಲು ಆಗಲೇ ಕಿಟಕಿಯ ಸರಳನ್ನು ಮುಟ್ಟಗೊಡುತ್ತಿರಲಿಲ್ಲ. ಅವಳಿಗೆ ಬಿಸಿಲಿನದಲ್ಲ, ಇನ್ನೊಂದರ ಸಂಕಟ. ಇಪ್ಪತ್ತಾರು ವರ್ಷದ ಹಿಂದೆ ಇದೇ ಸಮಾಧಾನಪ್ಪ ಕೂಸಾಗಿದ್ದಾಗ ಜ್ವರ ಏರಿ ಕಣ್ಣು ಮೇಲೆ ಸಿಕ್ಕಿಸಿಕೊಂಡಿದ್ದ. ಸಭೆಯ ಉಪದೇಶಿಯಾಗಿದ್ದ ಗಂಡ ಸುವಾರ್ತೆ ಸಾರಲು ಹಳ್ಳಿಗಳ ಮೇಲೆ ಹೋಗಿದ್ದ. ಅವಳು ಸೆರಗು ಮುಚ್ಚಿಕೊಂಡು ಅದೇ ದರ್ಗಾಕ್ಕೆ ಓಡಿ, ದಸ್ತಗೀರ್ ಸಾಬ್‌ನ ತಂದೆಯಿಂದ ಅಂಥದೇ ದಾರ ಕಟ್ಟಿಸಿದ್ದಳು. ಗಂಡ ಬರುವ ಮುಂಚೆ ಬಿಚ್ಚಿ ಒಲೆಗೆ ಹಾಕಿದ್ದಳು. ಅಷ್ಟೇ ಆಗಿದ್ದರೆ ಹೋಗಲಿ. ಭಾನುವಾರ ಯೇಸುವಿನ ಗುಡಿಯಲ್ಲಿ ಎದ್ದು ನಿಂತು, ಮೂರು ದಿನ ಉಪವಾಸ ಮಾಡಿ ಬೇಡಿದ್ದಕ್ಕೆ ದೇವರು ಮಗನನ್ನು ಕೊಟ್ಟನೆಂದು ಸಾಕ್ಷಿ ಹೇಳಿಬಿಟ್ಟಿದ್ದಳು. ಸುವಾರ್ತಮ್ಮನ ಪ್ರಾರ್ಥನೆಗೆ ಕಸುವಿದೆ ಎಂಬ ಹೆಸರು ಬಂದದ್ದು ಅವತ್ತಿನಿಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಇಷ್ಟು ವರ್ಷ ಆ ಹೆಸರನ್ನು ಕುಡಿದಿದ್ದಳು. ಯಾರ ಮೈಮೇಲೆ ದಾರ ಕಂಡರೂ ಅವಳಿಗೆ ಉಳಿದವರಿಗಿಂತ ಹೆಚ್ಚು ಸಿಟ್ಟು ಬರುತ್ತಿದ್ದುದು ಏಕೆಂದು ಅವಳೊಬ್ಬಳಿಗೇ ಗೊತ್ತಿತ್ತು. ಇವತ್ತು ಅದನ್ನು ಹೇಳದೆಯೂ ಸೊಸೆಯನ್ನು ಕರೆತರಬಹುದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಬೀಗರ ಮನೆಯವರು ಹೊಳೆಯ ಉಸುಕಿನಲ್ಲಿ ಸೌತೆಬಳ್ಳಿ ಹಾಕಿದ್ದರು. ಸುವಾರ್ತಮ್ಮ ಅಲ್ಲಿಗೇ ಹೋದಳು. ಯಾರೂ ಬಾ ಅನ್ನಲಿಲ್ಲ, ಪಕ್ಕದಲ್ಲೇ ಹೊಳೆಯಿದ್ದರೂ ಕುಡಿಯಲು ನೀರು ಕೊಡಲಿಲ್ಲ. ಬಂಡೆಮ್ಮ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒರತೆಯಿಂದ ಕೊಡ ತುಂಬಿ ಬಳ್ಳಿಗೆ ಹಾಕುತ್ತಿದ್ದವಳು ನೋಡಿದರೂ ನೋಡದಂತೆ ಬಗ್ಗಿದಳು. ಅಕ್ಕಪಕ್ಕದ ಬಳ್ಳಿಯವರು ಕೆಲಸ ಬಿಟ್ಟು ಬಂದು ಸುತ್ತ ನಿಂತರು. ಅವಳ ಅಪ್ಪ ಕನಕಪ್ಪ ಕೈ ಕೊಡವಿಕೊಂಡು ಎದುರಿಗೆ ಬಂದ.

"ನಿಮ್ಮ ದೇವರ ಮುಂದ ನನ್ನ ಮಗಳ ಮಾನ ತಗದೀರಿ. ಊರ ಮಂದಿ ಕೇಳ್ಯಾರ. ಈಗ ಇಲ್ಲೇ ಅದೇ ದೇವರಿಗೆ ಹೇಳ್ರಿ. ಏನು ಹೇಳ್ತೀರಿ, ನಾವೂ ಕೇಳ್ತೀವಿ."

ಸುವಾರ್ತಮ್ಮನಿಗೆ ಒಳಗೊಳಗೇ ಜೀವ ಬಂದಂತಾಯಿತು. ಪ್ರಾರ್ಥನೆ ಅವಳ ಕೈಯೊಳಗಿನ ಕಸುಬು. ಉಸುಕಿನ ಮೇಲೆ ಮೊಣಕಾಲೂರಿ ಕಣ್ಣು ಮುಚ್ಚಿ, "ಪರಲೋಕದ ತಂದೆಯೇ, ನಮ್ಮ ಮನೆಗಳಲ್ಲಿ ಹುಟ್ಟಿದ ಭಿನ್ನಭಾವಗಳನ್ನು ನಿನ್ನ ಪಾದದಲ್ಲಿಟ್ಟು" ಎಂದು ಶುರುಮಾಡಿದಳು. ಮಾತು ಎಣ್ಣೆಯಂತೆ ಹರಿಯಿತು. ಅದರಲ್ಲಿ ತಪ್ಪಿತ್ತು, ತಪ್ಪು ಮಾಡಿದವರು ಮಾತ್ರ ಯಾರೂ ಇರಲಿಲ್ಲ.

"ಅತ್ತಿ," ಎಂದಳು ಬಂಡೆಮ್ಮ, ಕೊಡ ಕೆಳಗಿಟ್ಟು. "ಕಣ್ಣು ತಗದು ಹೇಳ್ರಿ. ಕಣ್ಣು ಮುಚ್ಚಿದ್ರ ನಿಮಗ ಯಾರೂ ಕಾಣಂಗಿಲ್ಲ."

ಸುವಾರ್ತಮ್ಮ ಕಣ್ಣು ತೆರೆದಳು. ಎದುರಿಗೇ ಸೊಸೆ. ತುಟಿ ಒಡೆದಿತ್ತು, ಕಣ್ಣ ಕೆಳಗೆ ಕಪ್ಪಾಗಿತ್ತು. ಅವಳ ಬೆನ್ನ ಮೇಲಿಂದ ಮಗು ಅಜ್ಜಿಯ ಗುರುತು ಹಿಡಿದು ನಕ್ಕಿತು. ಎಣ್ಣೆಯಂಥ ಮಾತು ಅಲ್ಲಿಗೇ ನಿಂತುಹೋಯಿತು. ಹುಡುಕಿದರೂ ಪುಸ್ತಕದ ಒಂದು ಶಬ್ದ ಬಾಯಿಗೆ ಬರಲಿಲ್ಲ.

"ಯಪ್ಪಾ ದೇವರೇ, ಇಕಿ ಮಾಡಿದ್ದು ನಾನೂ ಮಾಡೀನಿ," ಎಂದಳು. "ನನ್ನ ಕೂಸು ಸಾಯಾಕತ್ತಿತ್ತು. ನಿನ್ನ ಕೇಳಿದೆ, ನೀ ತಡ ಮಾಡಿದಿ. ಅದೇ ದರ್ಗಾಕ್ಕ ಓಡಿದೆ. ದಾರ ಒಲ್ಯಾಗ ಹಾಕಿ, ಪ್ರಾರ್ಥನಿಲೇ ಉಳೀತು ಅಂತ ಮಂದಿಗೆ ಸುಳ್ಳು ಹೇಳಿದೆ. ಇಕಿ ಸುಳ್ಳೂ ಹೇಳಿಲ್ಲ."

ಆದರೆ ಕನಕಪ್ಪ ಕರಗುವ ಗಿರಾಕಿಯಲ್ಲ.

"ಇಲ್ಲಿ ಹೇಳೂದು ಸಸಾರ," ಎಂದ. "ನಾವು ನಿಮಗ ಯಾರು? ಮಾನ ಕಳದಿದ್ದು ಎಲ್ಲಿ, ಅಲ್ಲಿ ಹೇಳ್ರಿ."

ಸುವಾರ್ತಮ್ಮ ಸೊಸೆಯತ್ತ ನೋಡಿದಳು. ಬಂಡೆಮ್ಮ ಅಪ್ಪನ ಮಾತನ್ನು ತೆಗೆದುಹಾಕಲಿಲ್ಲ, ಕೊಡವೆತ್ತಿಕೊಂಡು ಒರತೆಯ ಕಡೆ ನಡೆದಳು. ಮುದುಕಿ ಒಬ್ಬಳೇ ಮೊಣಕಾಲಿನ ಉಸುಕು ಕೊಡವಿಕೊಂಡು ಬಸ್ಸಿನ ದಾರಿ ಹಿಡಿದಳು. ಮನೆಗೆ ಹೋಗಿ ಮಗನಿಗೆ ಇದನ್ನೇ ಹೇಳಿದಳು. ಅವನು ತನ್ನ ರಟ್ಟೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಬುಧವಾರ ಬೆಳಿಗ್ಗೆ ಎಲ್ಲಿಗೆಂದು ಹೇಳದೆ ಹೊರಗೆ ಹೋದ.

ಆ ಬುಧವಾರ ಕೂಡಿದ್ದು ಆಶೀರ್ವಾದಮ್ಮನ ಪಡಸಾಲೆಯಲ್ಲಿ. ಕೀರ್ತನೆ ಮುಗಿಯಿತು. ಮೊದಲ ಪ್ರಾರ್ಥನೆ ರೂಢಿಯಂತೆ ಸುವಾರ್ತಮ್ಮನದು. ಎಲ್ಲರೂ ತಲೆ ಬಗ್ಗಿಸಿ ಕಣ್ಣು ಮುಚ್ಚಿದರು. ಅವಳು ಮುಚ್ಚಲಿಲ್ಲ. ಇಷ್ಟು ವರ್ಷ ಒಟ್ಟಿಗೆ ಕೂತಿದ್ದರೂ ಈ ಮುಖಗಳನ್ನು ಹೀಗೆ ಅವಳು ಒಮ್ಮೆಯೂ ನೋಡಿರಲಿಲ್ಲ.

"ತಂದೆಯೇ," ಎಂದಳು.

ಅಷ್ಟಕ್ಕೇ ಸಾಲಾಗಿ ಮುಖಗಳು ಬಿಗಿದುಕೊಂಡವು. ಒಬ್ಬರು ತುಟಿ ಕಚ್ಚಿದರು, ಒಬ್ಬರು ಹಣೆ ಗಂಟಿಕ್ಕಿದರು. ಏಟು ಬೀಳುವುದು ಖಂಡಿತವೆಂದು ಗೊತ್ತಿರುವ ಮಗುವಿನಂತೆ ಆಶೀರ್ವಾದಮ್ಮ ಹೆಗಲು ಮೇಲೆತ್ತಿ ಕತ್ತನ್ನು ಒಳಗೆಳೆದುಕೊಂಡಳು. ತನ್ನ ಪ್ರಾರ್ಥನೆ ಎದುರಿನಿಂದ ನೋಡಿದರೆ ಹೀಗಿರುತ್ತದೆಂದು ಸುವಾರ್ತಮ್ಮನಿಗೆ ಗೊತ್ತಿರಲಿಲ್ಲ. ಬಾಗಿಲ ಬಳಿ ಸಮಾಧಾನಪ್ಪನ ಹಿಂದೆ, ಮಗುವನ್ನೆತ್ತಿಕೊಂಡ ಬಂಡೆಮ್ಮ ಚಪ್ಪಲಿಯನ್ನೂ ಬಿಡದೆ ನಿಂತು ಅವಳನ್ನೇ ನೋಡುತ್ತಿದ್ದಳು.

"ಅಂಜಬ್ಯಾಡ್ರಿ," ಎಂದಳು ಸುವಾರ್ತಮ್ಮ, ದೇವರಿಗಲ್ಲ, ಮಂದಿಗೆ. "ಇವತ್ತ ನನ್ನ ತಪ್ಪೇ ಹೇಳೂದದ."

ಯಾರೂ ಕಣ್ಣು ತೆರೆಯಲಿಲ್ಲ. ಮಡಿಲಲ್ಲಿ ಮುದುರಿಕೊಂಡಿದ್ದ ಆಶೀರ್ವಾದಮ್ಮನ ಬೆರಳುಗಳು ಮಾತ್ರ ಒಂದೊಂದಾಗಿ ಸಡಿಲಾದವು.