ಮಂಡಿಯೂರಿದ ಮೆಣಸಿನಕಾಯಿ ಮುದುಕಿ

ಓಶೋಗ್ಬೊ ಊರಿನ ಸಂತೆಯ ಬಾಯಲ್ಲೇ ನನ್ನ ಚೌಕಟ್ಟಿನ ಅಂಗಡಿ. ಮದುವೆ ಫೋಟೋ, ಸತ್ತವರ ಫೋಟೋ, ಮಂತ್ರಿಗಳ ಪಕ್ಕ ಹಲ್ಲು ಕಿರಿದು ನಿಂತವರ ಫೋಟೋ, ಎಲ್ಲಕ್ಕೂ ಗಾಜು ಹಾಕಿಕೊಡುತ್ತೇನೆ. ಚಿತ್ರ ಹೇಗಿದೆ ಎಂದು ಯಾರಾದರೂ ಕೇಳಿದರೆ ಗಾಜಿನ ಅಳತೆ ಹೇಳುತ್ತೇನೆ. ಅಭಿಪ್ರಾಯ ಹೇಳಿ ಗಿರಾಕಿ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ.

ಚಿತ್ರ ಬರೆಯುವ ಹುಡುಗಿ ಮೊರೊಂಕೆಯ ಮಸಿಚಿತ್ರ ನನ್ನಲ್ಲಿಗೆ ಬಂದದ್ದು ಒಂದು ಬುಧವಾರ. ಸಂತೆಯ ಹೆಂಗಸರ ಸಂಘದ ಹೊಸ ಕಟ್ಟಡಕ್ಕೆ ಸಂಪತ್ತಿನ ದೇವತೆ ಅಜೆಯ ಕಥೆಯನ್ನು ಚಿತ್ರವಾಗಿ ಬರೆದುಕೊಡಬೇಕೆಂದು ಸಂಘದವರೇ ಅವಳಿಗೆ ಹೇಳಿದ್ದರು. ಕಥೆ ಎಲ್ಲರಿಗೂ ಗೊತ್ತಿರುವುದೇ. ಅಜೆ ಒಮ್ಮೆ ಇಫೆ ಊರಿನ ಸಂತೆಗೆ ಕೊಳಕು ಹುಡುಗಿಯಾಗಿ ಬಂದಳಂತೆ. ಕಿರಿಯರು ಹಿರಿಯರಿಗೆ ಮಂಡಿಯೂರಿ ನಮಸ್ಕರಿಸುವುದು ನಮ್ಮ ಕಡೆಯ ಪದ್ಧತಿ; ಅವಳು ಯಾರಿಗೂ ಮಂಡಿಯೂರಲಿಲ್ಲ. ಅಂಥ ಹುಡುಗಿಯನ್ನು ನಮ್ಮವರು ಬಿಡುತ್ತಾರೆಯೇ? ಬಟ್ಟೆಯವಳು ಬೈದಳು, ಉಪ್ಪಿನವಳು ಅಟ್ಟಿದಳು. ಮೆಣಸಿನಕಾಯಿ ಮಾರುವ ಮುದುಕಿಯೊಬ್ಬಳು ಮಾತ್ರ ಹುಡುಗಿ ಕುಂಟುವುದನ್ನು ಕಂಡು, ಮಂಡಿಯೂರಿ ಅವಳ ಕಾಲಿನ ಮುಳ್ಳು ತೆಗೆದಳು. ಆ ಮುದುಕಿ ಸಾಯುವ ತನಕ ಅವಳ ಬುಟ್ಟಿ ಬರಿದಾಗಲಿಲ್ಲ.

ಮೊರೊಂಕೆ ಚೆನ್ನಾಗಿಯೇ ಬರೆದಿದ್ದಳು. ಆದರೆ ಮುದುಕಿಗೆ ತನ್ನ ಅವ್ವನ ಮುಖ ಕೊಟ್ಟು, ಹುಡುಗಿಗೆ ತನ್ನದೇ ಎಳೆಯ ಮುಖ ಕೊಟ್ಟಿದ್ದಳು. ಊರಲ್ಲಿ ಬೇರೆ ಮುಖವೇ ಸಿಗಲಿಲ್ಲವೇ ಎಂದರೆ, ಕೈಗೆ ಬಂದದ್ದು ಅವೇ ಎಂದಳು. ಅದೂ ಸಾಲದೆ, ಮುಳ್ಳನ್ನು ಕನ್ನಡಕ ಹಾಕಿದ ನನಗೂ ಕಾಣದಷ್ಟು ಸಣ್ಣದಾಗಿ ಬರೆದಿದ್ದಳು. ನೋಡಿದವರಿಗೆ ಕಾಣುತ್ತಿದ್ದದ್ದು ಇಷ್ಟೇ: ತಾಯಿ ಮಗಳ ಮುಂದೆ ಮಂಡಿಯೂರಿದ್ದಾಳೆ. ಹಿರಿಯರು ಮಂಡಿಯೂರಿದರೆ ಕಿರಿಯರ ಆಯಸ್ಸು ಸವೆಯುತ್ತದೆ ಎಂದು ನಂಬುವ ಊರಿದು.

ತಾಯಿ ಮಗಳು ಮಾತು ಬಿಟ್ಟು ಎರಡು ವರ್ಷವಾಗಿತ್ತು. ತಾಯಿ ಸಂತೆಯಲ್ಲಿ ನೀಲಿ ಬಣ್ಣದಲ್ಲಿ ಅದ್ದಿದ ಬಟ್ಟೆ ಮಾರುವವಳು. ಅಜ್ಜಿಯ ಕಾಲದಿಂದ ಬಂದ ಆ ಜಾಗದಲ್ಲಿ ಕೂರಲು ಒಲ್ಲೆನೆಂದು ಮಗಳು ಮಸಿ ಹಿಡಿದಳು. ಈ ಚಿತ್ರ ಗೋಡೆಗೇರಿದ ದಿನ ಅವ್ವ ನೋಡಿಯಾಳು, ನೋಡಿ ಒಂದು ಮಾತಾದರೂ ಆಡಿಯಾಳು ಎಂಬ ಆಸೆ ಅವಳಿಗಿತ್ತು. ಅದನ್ನು ನನಗೇ ಹೇಳಿದಳು. ನಾನು ಗಾಜಿನ ಅಳತೆ ಹೇಳಿದೆ.

ಚಿತ್ರ ಗೋಡೆಗೇರಲಿಲ್ಲ. ಮರುದಿನ ಮದುವೆ ಫೋಟೋ ಒಯ್ಯಲು ಬಂದ ಇಬ್ಬರು ಅದನ್ನು ನೋಡಿಬಿಟ್ಟರು. ಮಧ್ಯಾಹ್ನದ ಹೊತ್ತಿಗೆ ಸಂತೆಯೆಲ್ಲ ಅದೇ ಮಾತು. ಟೊಮೇಟೊ ಮಾರುವವಳು ಬಟ್ಟೆಯ ಸಾಲಿಗೇ ಹೋಗಿ, "ಏನೇ ಮೊರೊಂಕೆಯವ್ವ, ಮಗಳ ಮುಂದೆ ಮಂಡಿಯೂರಿ ಏನು ವರ ಕೇಳ್ದೆ? ನಮಗೂ ಸ್ವಲ್ಪ ಕೊಡಿಸು" ಎಂದಳಂತೆ. ಚಿತ್ರ ಬೇಡವೆಂದು ಸಂಘದವರೂ ಹೇಳಿ ಕಳಿಸಿದರು.

ಮೊರೊಂಕೆ ಓಡಿಬಂದು ಚಿತ್ರವನ್ನು ಹರಿಯಲು ಹೊರಟಳು. ನಾನು ಕಸಿದುಕೊಂಡೆ. ಮಸಿಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಇನ್ನು ಅವ್ವ ತನ್ನ ಹೆಣದ ಮುಖವನ್ನೂ ನೋಡುವುದಿಲ್ಲ ಎಂದು ಮೂಲೆಯಲ್ಲಿ ನಾನು ಕತ್ತರಿಸಿ ಹಾಕಿದ್ದ ಗಾಜಿನ ಚೂರುಗಳ ನಡುವೆಯೇ ಕೂತು ಅತ್ತಳು. ನನಗೆ ಸಂಕಟವಾಯಿತು. ಅದನ್ನು ಮುಚ್ಚಿಡುವುದೇಕೆ.

ಅಷ್ಟರಲ್ಲಿ ಅವಳ ಅವ್ವನೇ ಬಂದಳು, ತಲೆಯ ಮೇಲೆ ಬಟ್ಟೆಯ ಗಂಟು. ಮಗಳು ಮಂಡಿಯೂರಿ ನಮಸ್ಕರಿಸಿ ಎದ್ದರೂ ತಿರುಗಿ ನೋಡಲಿಲ್ಲ. ಚಿತ್ರವನ್ನು ಬೆಳಕಿಗೆ ಹಿಡಿಯಲು ನನಗೆ ಹೇಳಿದಳು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು.

"ಮಂಡಿ ತಪ್ಪಾಗಿದೆ, ಗಾಜಿನಪ್ಪ" ಎಂದಳು. "ವಯಸ್ಸಾದೋರು ಹಿಂಗೆ ಎರಡೂ ಮಂಡಿ ಒಟ್ಟಿಗೆ ಊರಲ್ಲ. ಮೊದ್ಲು ಕೈ ನೆಲಕ್ಕೆ ಬರುತ್ತೆ. ತಲೆ ಬಗ್ಗಿ ಕಾಲಿನ ಹತ್ರ ಹೋಗುತ್ತೆ. ಹಂಗೆ ಬರೆದಿದ್ರೆ ಮುಳ್ಳು ತೆಗೀತಿದಾಳೆ ಅಂತ ಆ ಟೊಮೇಟೊದವಳಿಗೂ ಗೊತ್ತಾಗ್ತಿತ್ತು."

ಹೇಳಿದವಳು ಗಂಟನ್ನು ಕೆಳಗಿಟ್ಟಳು. ಎಡಗೈಯನ್ನು ನೆಲಕ್ಕೆ ಊರಿದಳು. ಒಂದು ಮಂಡಿ, ಆಮೇಲೆ ಇನ್ನೊಂದು. ಮಗಳ ಕಾಲ ಬಳಿ ತಲೆ ಬಗ್ಗಿಸಿ ಹಾಗೆಯೇ ಇದ್ದಳು. ನಾನು ಹೋಗಿ ಬಾಗಿಲು ಮುಚ್ಚಿದೆ. ಇದನ್ನು ಬೀದಿ ನೋಡಬಾರದಿತ್ತು.

ಮೊರೊಂಕೆ ಅವ್ವನ ಭುಜ ಹಿಡಿದಳು. ಅವ್ವ, ಬೇಡ, ಏಳು, ಕೆಟ್ಟದಾಗುತ್ತೆ ಎನ್ನುತ್ತ ತಾನೂ ಕೆಳಗೆ ಕುಸಿಯಹೋದಳು.

"ನಿಂತ್ಕೋ" ಎಂದಳು ತಾಯಿ. ಎರಡು ವರ್ಷದ ಮೇಲೆ ಮಗಳಿಗೆ ಆಡಿದ ಮೊದಲ ಮಾತು ಅದು. "ನೀನೂ ಕೂತ್ರೆ ಬರೆಯೋರು ಯಾರು?"

ನಾನು ಹೊಸ ಕಾಗದ ಕೊಟ್ಟೆ. ಮೊರೊಂಕೆ ತೆಗೆದುಕೊಂಡಳು, ಆದರೆ ಕೈ ಏಳಲಿಲ್ಲ. ತನ್ನ ಆಯಸ್ಸಿನ ಬಗ್ಗೆ ಏನೋ ಗೊಣಗಿದಳು.

ತಾಯಿ ತಲೆ ಎತ್ತಲಿಲ್ಲ. "ನಿನ್ನ ಹೆತ್ತಿದ್ದೂ ಮಂಡಿ ಊರಿಯೇ ಕಣೇ. ಅವತ್ತು ಸವೆಯದ ಆಯಸ್ಸು ಇವತ್ತು ಸವೆಯುತ್ತಾ? ಬರಿ."