ದನಿ ಬಾರದ ಸೋಬಾನೆ

ಕೆಂಪು ದೀಪ ಮಿಣುಕುತ್ತಿದೆ, ಟೀವಿ ಕೆಳಗಿನ ಡಿವಿಡಿ ಪೆಟ್ಟಿಗೆಗೆ ಏನೋ ಯೋಚನೆ ಹತ್ತಿದ ಹಾಗೆ, ಮೊನ್ನೆಯಿಂದ ಇದರದ್ದು ಇದೇ ಬಿಂಕ, ಪೆನ್‌ಡ್ರೈವ್ ಚುಚ್ಚಿದರೆ ಈ ವಿಡಿಯೋ ಫೈಲು ನನಗಾಗದು ಅಂತ ಇಂಗ್ಲಿಷಿನಲ್ಲಿ ಬರೆದು ಸುಮ್ಮನಾಗುತ್ತಿತ್ತು, ಮಗ ಶಿವಶಂಕರ ಹುಣಸೂರಿಗೆ ಹೋಗಿ ಟೀವಿ ರಿಪೇರಿ ಲಿಂಗರಾಜು ಕೈಲಿ ಬೇರೆ ನಮೂನೆಗೆ ಬದಲಾಯಿಸಿಕೊಂಡು ಬಂದಿದ್ದಾನೆ, ಇವತ್ತು ಬಂದೇ ಬತ್ತದೆ ಕಣವ್ವ ಅನ್ನುತ್ತಾನೆ, ಸುಂದ್ರಮ್ಮ ತಲೆಯಾಡಿಸುತ್ತಾಳೆ, ಇನ್ನೇನು ಮಾಡಿಯಾಳು — ಗಂಟಲ ಆಪರೇಷನ್ ಆದಮೇಲೆ ಮಾತೆಲ್ಲ ಒಳಗೇ, ಹೊರಗೆ ಬರುವುದು ಬರೀ ಉಸಿರು, ಜೀವ ಉಳೀತಲ್ಲಮ್ಮ ಅಂದರು ಮೈಸೂರಿನ ಡಾಕ್ಟರು, ಉಳಿಯಿತು, ಸರಿ, ನಾಳೆ ಮೊಮ್ಮಗಳು ರಮ್ಯಶ್ರೀ ಮದುವೆಗೆ ಅರಿಶಿನ ಕುಟ್ಟುವಾಗ ಮುಂದಾಗಿ ಸೋಬಾನೆ ಹಾಡು ಎತ್ತಿಕೊಡುವವರು ಯಾರು, ಕಟ್ಟೆಮಳಲವಾಡಿಯಲ್ಲಿ ನಲವತ್ತು ವರ್ಷ ಎತ್ತಿಕೊಟ್ಟಿದ್ದು ಅವಳೇ, ಮಿಕ್ಕ ಹೆಂಗಸರದೆಲ್ಲ ಹಿಂದಿನಿಂದ ಸೊಲ್ಲು, ಅದದೇ ಪಲ್ಲವಿ, ಒನಕೆ ಬೀಳುವಷ್ಟರಲ್ಲಿ ಮುಂದಿನ ನುಡಿ ನಾಲಿಗೆಗೆ ಬರಬೇಕು, ಅದು ಬರುತ್ತಿದ್ದುದು ಅವಳೊಬ್ಬಳಿಗೇ, ತನ್ನ ಜೊತೆಗೇ ಮುಗಿಯಿತು ಅಂದುಕೊಂಡಿದ್ದಳು, ಪುಣ್ಯಕ್ಕೆ ಪಿರಿಯಾಪಟ್ಟಣದ ನೆಂಟರ ಮದುವೆಯಲ್ಲಿ ಹಾಡಿದ್ದನ್ನು ಯಾರೋ ವಿಡಿಯೋ ಹಿಡಿದು ಯೂಟ್ಯೂಬಿಗೆ ಹಾಕಿದ್ದರು, ರಮ್ಯ ಹುಡುಕಿ ಇಳಿಸಿಕೊಂಡಳು, ಆದರೆ ಒನಕೆ ಸದ್ದಿನ ಮುಂದೆ ಫೋನಿನ ದನಿ ಎಲ್ಲಿ ಕೇಳಬೇಕು, ಟೀವಿಯಲ್ಲೇ ಬರಬೇಕು.

ಬಂತು, ಚಪ್ಪರ ಬಂತು, ಅಗಲವಾಗಿ ತನ್ನದೇ ಮುಖ ಬಂತು, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ದನಿ ಇಲ್ಲ, ಥತ್, ಸೌಂಡೇ ಇಲ್ವಲ್ಲವ್ವ, ಶಿವಶಂಕರ ಫೋನ್ ಹಚ್ಚುತ್ತಾನೆ, ಆ ಕಡೆಯಿಂದ ಲಿಂಗರಾಜು, ಪಿಚ್ಚರ್ ಬದಲಾಯ್ಸಿವ್ನಿ ಕಣಣ್ಣ, ಸೌಂಡ್ ಬೇರೆ ನಮೂನೆದು, ಇನ್ನೊಂದ್ಸಲ ತಂದ್ಬುಡಿ — ಸುಂದ್ರಮ್ಮನಿಗೆ ನಗು ಬರುತ್ತದೆ, ಟೀವಿಯೊಳಗಿನವಳಿಗೂ ಆಪರೇಷನ್ ಆದಂತಿದೆ, ಬಾಯಿ ಉಂಟು ದನಿ ಇಲ್ಲ, ಆಮೇಲೆ ಸುಂದ್ರಮ್ಮನ ಕಣ್ಣು ಟೀವಿಯಲ್ಲಿನ ತನ್ನ ಮುಖ ಬಿಟ್ಟು ಎಡಭುಜದ ಹಿಂದಕ್ಕೆ ಸರಿಯುತ್ತದೆ, ಹಸಿರು ಸೀರೆ, ಸೊಸೆ ರೂಪಶ್ರೀ, ಅವಳ ತುಟಿ ಆಡುತ್ತಿದೆ, ಮಿಕ್ಕ ಹೆಂಗಸರು ಬಾಯಿ ಮುಚ್ಚಿ ಸೊಲ್ಲಿಗೆ ಕಾಯುತ್ತಿದ್ದಾರೆ, ಇವಳದ್ದು ಆಡುತ್ತಿದೆ, ಎತ್ತಿಕೊಡುವ ನುಡಿಗೇ, ಒಂದೂ ತಪ್ಪದೆ, ತನ್ನ ತುಟಿಯ ಜೊತೆಜೊತೆಗೇ. ಫೋನಿನಲ್ಲಿ ಹತ್ತು ಸಲ ನೋಡಿಯೂ ಇದು ಕಂಡಿರಲಿಲ್ಲ, ತನ್ನ ದನಿ ಕೇಳುವುದರಲ್ಲೇ ಮೈಮರೆತಿದ್ದಳು. ಕೆ.ಆರ್. ನಗರದಿಂದ ಬಂದ ಹೊಸದರಲ್ಲಿ ಹುಡುಗಿ ಆಸೆಯಿಂದ ದನಿ ಕೂಡಿಸಿತ್ತು, ಅಷ್ಟು ಜನದ ಮುಂದೆ ಸುಂದ್ರಮ್ಮನೇ ಅಂದುಬಿಟ್ಟಿದ್ದಳು, ನಿಮ್ಮ ಕಡೆ ಧಾಟಿ ಇಲ್ಲಿಗೆ ಒಗ್ಗಾಕಿಲ್ಲ, ನೀನು ಸುಮ್ಕಿರು, ಅದು ಸುಮ್ಮನಿತ್ತು, ಇಪ್ಪತ್ತನಾಲ್ಕು ವರ್ಷ ಸುಮ್ಮನಿತ್ತು, ಸೊಸೆಗೆ ಹಾಡೇ ಬಾರದು ಅಂತ ಊರೆಲ್ಲ ಹೇಳಿಕೊಂಡು ಬಂದವಳೂ ತಾನೇ, ಎಂಥ ಕೆಲಸ ಮಾಡಿಬಿಟ್ಟೆ. ಪೆನ್‌ಡ್ರೈವ್ ಕೀಳಲು ಮಗ ಕೈ ಹಾಕುತ್ತಾನೆ, ಅವನ ಮಣಿಕಟ್ಟು ಹಿಡಿಯುತ್ತಾಳೆ, ಇರಲಿ, ಅಡುಗೆಮನೆ ಕಡೆಗೆ ಚಪ್ಪಾಳೆ ತಟ್ಟುತ್ತಾಳೆ, ಒಳಗಿನಿಂದ ರೂಪ ಬರುತ್ತಾಳೆ, ಯಾಕತ್ತೆ, ಕಾಫಿ ಬೇಕಿತ್ತಾ, ಟೀವಿ ನೋಡುತ್ತಾಳೆ, ಅದರೊಳಗೆ ತನ್ನನ್ನೇ ನೋಡುತ್ತಾಳೆ, ಅಯ್ಯೋ, ಆಫ್ ಮಾಡ್ರೀ ಅದನ್ನ, ಸೆರಗು ಬಾಯಿಗೆ ಹೋಗುತ್ತದೆ, ಕದ್ದು ಸಿಕ್ಕಿಬಿದ್ದವಳ ಹಾಗೆ, ಸುಂದ್ರಮ್ಮ ಎದ್ದು ಆ ಸೆರಗನ್ನು ಕೆಳಕ್ಕೆ ಇಳಿಸುತ್ತಾಳೆ, ಎತ್ಕೊಡವ್ವ, ಬರೀ ಉಸಿರು, ಅದೂ ಅವಳಿಗೆ ತಿಳಿಯುತ್ತದೆ, ಅತ್ತೆಯ ತುಟಿ ಓದಿ ಓದಿ ಕಲಿತವಳು, ಬೆನ್ನ ಹಿಂದೆ ಟೀವಿಯಲ್ಲಿ ರೂಪಳ ತುಟಿ, ದನಿಯಿಲ್ಲದೆ, ಒಂದೂ ತಪ್ಪದೆ, ಇಲ್ಲಿ, ಒಂದು ಗೇಣು ದೂರದಲ್ಲಿ, ಅದೇ ತುಟಿ, ತೆರೆಯುತ್ತದೆ —